ಟೆಕ್‌ಸ್ಟುಡಿಯೋದಲ್ಲಿ ಕನ್ನಡ ಪುಸ್ತಕ ಜೋಡಿಸುವಾಗ ಯಾವ ಬಣ್ಣ ಎಲ್ಲಿಗೆ

ಎರಡು ಮಳೆಗಾಲದ ಹಿಂದೆ ಅಡಿಕೆ ಕೃಷಿಯ ಬಗ್ಗೆ ಒಂದು ಪುಸ್ತಕ ಜೋಡಿಸುತ್ತಿದ್ದೆ. ಬರೆದವರು ನಿವೃತ್ತ ಮೇಷ್ಟ್ರು. ಒಂದು ಕಡೆ ಅವರು ಹೀಗೆ ಬರೆದಿದ್ದರು:

ಕೊಳೆ ರೋಗದಿಂದ ಆ ವರ್ಷ ಇಳುವರಿ 30% ಕಡಿಮೆಯಾಯಿತು. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆದ ತೋಟಗಳಲ್ಲಿ ಮಾತ್ರ ಗೊನೆ ಉಳಿಯಿತು.

ಅಚ್ಚಾಗಿ ಬಂದದ್ದು ಇಷ್ಟೇ:

ಕೊಳೆ ರೋಗದಿಂದ ಆ ವರ್ಷ ಇಳುವರಿ 30

ಅಲ್ಲಿಗೆ ಪ್ಯಾರಾ ಮುಗಿದಿತ್ತು. ರೈತ ಓದಲೇಬೇಕಾದ ಮಾತು ಪುಸ್ತಕದಲ್ಲಿ ಇರಲಿಲ್ಲ. 500 ಪ್ರತಿ ಆಗಲೇ ಬೈಂಡ್ ಆಗಿತ್ತು. ಬಿಟ್ಟುಹೋದ ಸಾಲನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ, ಮನೆಯವರೆಲ್ಲ ಕೂತು ಒಂದೊಂದೇ ಪ್ರತಿಗೆ ಅಂಟಿಸಿದೆವು. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ನಾನು ಪುಸ್ತಕ ಜೋಡಿಸುವುದು ಲೇಟೆಕ್‌ನಲ್ಲಿ. ಪಠ್ಯದ ನಡುವೆಯೇ ಕಮಾಂಡುಗಳನ್ನು, ಅಂದ್ರೆ ಆಜ್ಞೆಗಳನ್ನು, ಬರೆದುಕೊಟ್ಟರೆ ಅದು ಪುಟ ಕಟ್ಟಿಕೊಡುತ್ತದೆ. ಆದದ್ದೇನು ಅಂದ್ರೆ, ಅದರಲ್ಲಿ % ಚಿಹ್ನೆ ಬಂದರೆ ಅಲ್ಲಿಂದ ಸಾಲಿನ ಕೊನೆಯವರೆಗೆ ಇರುವುದೆಲ್ಲ ಕಮೆಂಟ್. ಅದು ಅಚ್ಚಿಗೆ ಹೋಗುವುದಿಲ್ಲ. ಪ್ರೋಗ್ರಾಂ ಬರೆಯುವವರು ಚಿಕ್ಕ ಚಿಕ್ಕ ಸಾಲು ಬರೆಯುತ್ತಾರೆ, ಹೋದರೆ ನಾಲ್ಕು ಪದ ಹೋಗಬಹುದು. ನಾವು ಡಿಟಿಪಿಯವರು ಹಾಗಲ್ಲ. ಪ್ಯಾರಾ ಮುಗಿಯುವವರೆಗೆ ಎಂಟರ್ ಒತ್ತುವುದೇ ಇಲ್ಲ. ತೆರೆಯ ಮೇಲೆ ಎಂಟು ಸಾಲಾಗಿ ಕಂಡರೂ ಯಂತ್ರದ ಲೆಕ್ಕದಲ್ಲಿ ಅದು ಒಂದೇ ಸಾಲು. ಹಾಗಾಗಿ ಒಂದು % ಸಾಕು, ಉಳಿದ ಪ್ಯಾರಾ ಪೂರ್ತಿ ಮಾಯ. ಎರರ್ ಕೂಡ ಬರುವುದಿಲ್ಲ. ಯಂತ್ರಕ್ಕೆ ಅದರಲ್ಲಿ ತಪ್ಪೇ ಇಲ್ಲವಲ್ಲ.

ನಿಜ ಹೇಳಬೇಕೆಂದರೆ ಎಡಿಟರ್, ಅಂದ್ರೆ ನಾನು ಪಠ್ಯ ಟೈಪ್ ಮಾಡುವ ತಂತ್ರಾಂಶ, ನನಗೆ ಹೇಳಿತ್ತು. ಆ ಅರ್ಧ ಪ್ಯಾರಾ ತೆರೆಯ ಮೇಲೆ ಬೂದು ಬಣ್ಣದಲ್ಲಿತ್ತು. ಕಮೆಂಟ್ ಕಣ್ಣಿಗೆ ಅಡ್ಡ ಬರಬಾರದು, ಮಸುಕಾಗಿರಲಿ ಅಂತ ಯಾರೋ ಹೇಳಿದ್ದನ್ನು ಕೇಳಿ ನಾನೇ ಹಾಗೆ ಇಟ್ಟಿದ್ದೆ. ಅದು ಪ್ರೋಗ್ರಾಂ ಬರೆಯುವವರಿಗೆ ಸರಿಯಾದ ಮಾತು. ಪುಸ್ತಕ ಜೋಡಿಸುವವರಿಗೆ ಅಲ್ಲ. ನಮ್ಮ ಫೈಲಿನಲ್ಲಿ ಕಮೆಂಟ್ ಅಂದ್ರೆ ಓದುಗನಿಗೆ ತಲುಪದ ಮಾತು. ಅದು ಎಲ್ಲಕ್ಕಿಂತ ಜಾಸ್ತಿ ಎದ್ದು ಕಾಣಬೇಕು.

ಅಂದಿನಿಂದ ನನ್ನ ಬಣ್ಣಗಳನ್ನೆಲ್ಲ ಬದಲಾಯಿಸಿಕೊಂಡೆ. ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾನು ಬಳಸುವುದು ಟೆಕ್‌ಸ್ಟುಡಿಯೋ. ಉಚಿತ ತಂತ್ರಾಂಶ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ. ಟೆಕ್‌ಮೇಕರ್ ಎಂಬ ಎಡಿಟರ್‌ನಿಂದ ಕವಲೊಡೆದು 2011ರಲ್ಲಿ ಈ ಹೆಸರು ಪಡೆಯಿತು. ಪುಟ ಕಟ್ಟುವುದು ಝೀಲೇಟೆಕ್‌ನಲ್ಲಿ, ಅದು ಯೂನಿಕೋಡ್ ಅಕ್ಷರವನ್ನು ನೇರವಾಗಿ ಓದುವ ಲೇಟೆಕ್. ಪೇಜ್‌ಮೇಕರ್ ಮತ್ತು ನುಡಿಯಲ್ಲಿ ಹತ್ತಾರು ವರ್ಷ ಕೆಲಸ ಮಾಡಿ ಬಂದವರಿಗೆ ಇಲ್ಲಿ ಎಲ್ಲವೂ ಯೂನಿಕೋಡ್ ಅನ್ನುವುದೇ ದೊಡ್ಡ ನೆಮ್ಮದಿ.

ಬಣ್ಣಕ್ಕೆ ಕೈ ಹಾಕುವ ಮೊದಲು ಅಕ್ಷರ ಸರಿಯಾಗಿ ಕಾಣಬೇಕು. ಆಪ್ಷನ್ಸ್ ಮೆನುವಿನಲ್ಲಿ ಕಾನ್ಫಿಗರ್ ಟೆಕ್‌ಸ್ಟುಡಿಯೋ ತೆರೆಯಿರಿ. ಕೆಳಗೆ ಎಡ ಮೂಲೆಯಲ್ಲಿ ಶೋ ಅಡ್ವಾನ್ಸ್ಡ್ ಆಪ್ಷನ್ಸ್ ಅಂತ ಒಂದು ಚೌಕ ಇದೆ, ಅದಕ್ಕೆ ಮೊದಲೇ ಟಿಕ್ ಹಾಕಿಬಿಡಿ. ಇಲ್ಲದಿದ್ದರೆ ನಾನು ಹೇಳುವುದರಲ್ಲಿ ಕೆಲವು ನಿಮಗೆ ಕಾಣುವುದೇ ಇಲ್ಲ. ಎಡಗಡೆಯ ಪಟ್ಟಿಯಲ್ಲಿ ಎಡಿಟರ್ ಒತ್ತಿ, ಫಾಂಟ್ ಆರಿಸಿ. ವಿಂಡೋಸ್‌ನಲ್ಲಾದರೆ ನಿರ್ಮಲಾ ಯುಐ, ಲಿನಕ್ಸ್‌ನಲ್ಲಾದರೆ ನೋಟೋ ಸಾನ್ಸ್ ಕನ್ನಡ ಚೆನ್ನಾಗಿ ಕಾಣುತ್ತದೆ. ಗಾತ್ರ 14ಕ್ಕಿಂತ ಕಡಿಮೆ ಬೇಡ. ಸಾಲಿನ ಅಂತರವನ್ನು 130ಕ್ಕೆ ಏರಿಸಿ. ಯಾಕೆ ಅಂತ ತಿಳಿಯಬೇಕಾದರೆ "ರಾಷ್ಟ್ರ" ಅಂತ ಒಮ್ಮೆ ಟೈಪ್ ಮಾಡಿ ನೋಡಿ. ಷ ಅಕ್ಷರದ ಕೆಳಗೆ ಎರಡು ಒತ್ತು ಇಳಿಯಬೇಕು. ಸಾಲುಗಳು ಒತ್ತೊತ್ತಾಗಿದ್ದರೆ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗಿ ಓದಲು ಬರುವುದಿಲ್ಲ. ಹಿನ್ನೆಲೆಗೆ ಬಣ್ಣ ಹಾಕಿದ ಮೇಲಂತೂ ಈ ತೊಂದರೆ ಇನ್ನೂ ಜಾಸ್ತಿ.

ಕೆಲವು ಕಂಪ್ಯೂಟರುಗಳಲ್ಲಿ ಕರ್ಸರ್ ಒಂದು ಕಡೆ ಮಿನುಗುತ್ತದೆ, ಅಕ್ಷರ ಬೀಳುವುದು ಇನ್ನೊಂದು ಕಡೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಅಂತ ಎಡಿಟರ್ ಲೆಕ್ಕ ಹಾಕಿಕೊಂಡಿದ್ದರೆ ಹೀಗಾಗುತ್ತದೆ. ಕನ್ನಡದಲ್ಲಿ "ಗ" ಎಷ್ಟು ಅಗಲ, "ಮೋ" ಎಷ್ಟು ಅಗಲ, ಎರಡೂ ಒಂದೇ ಆಗಲು ಸಾಧ್ಯವೇ? ಅಡ್ವಾನ್ಸ್ಡ್ ಎಡಿಟರ್ ಪುಟದ ಕೊನೆಯಲ್ಲಿ ಹ್ಯಾಕ್ಸ್ ಅಂತ ಒಂದು ಗುಂಪಿದೆ. ಅಲ್ಲಿ ತಾನಾಗಿ ಆರಿಸಿಕೊಳ್ಳುವ ಆಯ್ಕೆಯ ಟಿಕ್ ತೆಗೆದು, ಫಿಕ್ಸ್ಡ್ ಪಿಚ್ ಬೇಡ ಅನ್ನುವುದಕ್ಕೆ ಟಿಕ್ ಹಾಕಿ. ಕರ್ಸರ್ ಸರಿ ಜಾಗಕ್ಕೆ ಬರುತ್ತದೆ.

ಈಗ ಬಣ್ಣ. ಅದೇ ಕಿಟಕಿಯಲ್ಲಿ ಸಿಂಟ್ಯಾಕ್ಸ್ ಹೈಲೈಟಿಂಗ್ ಪುಟ ತೆರೆಯಿರಿ. ಉದ್ದದ ಪಟ್ಟಿ ಬರುತ್ತದೆ. ಒಂದೊಂದು ಸಾಲೂ ಒಂದೊಂದು ಬಗೆಯ ಪಠ್ಯಕ್ಕೆ: ಸಾಮಾನ್ಯ ಪಠ್ಯ, ಕಮೆಂಟ್, ಕಮಾಂಡ್, ಗಣಿತ, ಆವರಣ ಚಿಹ್ನೆ, ಹೀಗೆ. ಪ್ರತಿ ಸಾಲಿನಲ್ಲೂ ದಪ್ಪ, ಓರೆ, ಅಡಿಗೆರೆಗೆ ಟಿಕ್ ಹಾಕುವ ಚೌಕಗಳಿವೆ. ಅಕ್ಷರದ ಬಣ್ಣಕ್ಕೆ ಒಂದು, ಹಿನ್ನೆಲೆಗೆ ಒಂದು ಜಾಗ ಇದೆ. ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗಿರಬಹುದು, ಗಾಬರಿ ಬೇಡ.

ಕಮೆಂಟ್ ಅನ್ನುವ ಸಾಲಿಗೆ ಹೋಗಿ. ಓರೆ ಅಕ್ಷರದ ಟಿಕ್ ಇದ್ದರೆ ತೆಗೆಯಿರಿ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಓರೆ ಅಕ್ಷರ ಇಲ್ಲ. ಕಂಪ್ಯೂಟರ್ ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ, ಆಗ ದೀರ್ಘವೂ ಒತ್ತೂ ಒಂದರ ಮೇಲೊಂದು ಬೀಳುತ್ತವೆ. ದಪ್ಪವೂ ಬೇಡ. ಇಲ್ಲದ ದಪ್ಪವನ್ನು ಕಂಪ್ಯೂಟರೇ ತುಂಬಿದರೆ ಅಕ್ಷರದ ಒಳಗಿನ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ, "ಥ" ಯಾವುದು "ಧ" ಯಾವುದು ತಿಳಿಯುವುದಿಲ್ಲ. ಕರಡು ತಿದ್ದುವವರಿಗೆ ಇದಕ್ಕಿಂತ ಕಷ್ಟ ಬೇರೆ ಇಲ್ಲ. ಹಾಗಾಗಿ ಕನ್ನಡ ಬರುವ ಕಡೆಯಲ್ಲೆಲ್ಲ ಅಕ್ಷರದ ರೂಪ ಮುಟ್ಟದೆ, ಹಿನ್ನೆಲೆಯ ಬಣ್ಣ ಮಾತ್ರ ಬದಲಾಯಿಸಿ. ನಾನು ಕಮೆಂಟ್‌ಗೆ ಅರಿಸಿನದ ಹಿನ್ನೆಲೆ, ಕುಂಕುಮದ ಬಣ್ಣದ ಅಕ್ಷರ ಕೊಟ್ಟಿದ್ದೇನೆ. ನೂರು ಪುಟದ ಫೈಲನ್ನು ಜೋರಾಗಿ ಸ್ಕ್ರೋಲ್ ಮಾಡಿದರೂ ಅರಿಸಿನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅರಿಸಿನ ಕಂಡಲ್ಲಿ ನಿಲ್ಲಿ. ನೀವು ಬೇಕೆಂದೇ ಬರೆದ ಕಮೆಂಟೋ, ಲೇಖಕರ ಮಾತೋ ನೋಡಿ. ಲೇಖಕರದ್ದಾದರೆ % ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಿ, \% ಆಗುತ್ತದೆ. ಆ ಕ್ಷಣವೇ ಅರಿಸಿನ ಹೋಗಿ ಪ್ಯಾರಾ ಕಪ್ಪಾಗುತ್ತದೆ. ಅಂದ ಹಾಗೆ "ಶೇ. 30%" ಅಂತ ಎರಡನ್ನೂ ಹಾಕುವವರು ಬಹಳ ಜನ ಇದ್ದಾರೆ. ಅಲ್ಲಿ ಒಂದೇ ಸಾಕು. ನಾನು ಲೇಖಕರನ್ನು ಕೇಳಿ "ಶೇ. 30" ಉಳಿಸಿ ಚಿಹ್ನೆ ತೆಗೆಯುತ್ತೇನೆ.

ಎರಡನೇ ಮುಖ್ಯ ಬಣ್ಣ ಗಣಿತಕ್ಕೆ. ನಾನು ಗಣಿತದ ಪುಸ್ತಕ ಮಾಡುವುದಿಲ್ಲ, ನನಗ್ಯಾಕೆ ಅನ್ನಬೇಡಿ. ಮೇಷ್ಟ್ರ ಎರಡನೇ ಪುಸ್ತಕ ಕಾಳುಮೆಣಸಿನ ಬಗ್ಗೆ. ಅದರಲ್ಲಿ ರಫ್ತಿನ ಮಾತು ಬರುತ್ತದೆ. ಈ ಸಾಲು ನೋಡಿ:

ಕಿಲೋಗೆ $4 ಇದ್ದದ್ದು $5 ಆಯಿತು.

ಲೇಟೆಕ್‌ನಲ್ಲಿ ಮೊದಲ ಡಾಲರ್ ಚಿಹ್ನೆ ಗಣಿತವನ್ನು ಶುರು ಮಾಡುತ್ತದೆ, ಎರಡನೆಯದು ಮುಗಿಸುತ್ತದೆ. ನಡುವೆ ಸಿಕ್ಕಿಕೊಂಡ "ಇದ್ದದ್ದು" ಗಣಿತದ ಫಾಂಟಿನಲ್ಲಿ ಇಲ್ಲ. ಹಾಗಾಗಿ ಅದು ಅಚ್ಚಾಗುವುದಿಲ್ಲ. ಗಣಿತದೊಳಗಿನ ಜಾಗವೂ ಲೆಕ್ಕಕ್ಕಿಲ್ಲ. ಪುಟದ ಮೇಲೆ ಬರುವುದು "ಕಿಲೋಗೆ 45 ಆಯಿತು." ಓದಿದರೆ ಪೂರ್ತಿ ವಾಕ್ಯದ ಹಾಗೇ ಇದೆ! ಕರಡು ತಿದ್ದುವವರೂ ಮುಂದೆ ಹೋಗಿಬಿಡುತ್ತಾರೆ. ಕಾಣೆಯಾದ ಅಕ್ಷರಗಳ ಬಗ್ಗೆ ಲಾಗ್‌ನಲ್ಲಿ, ಅಂದ್ರೆ ಯಂತ್ರ ಬರೆದಿಡುವ ವರದಿಯಲ್ಲಿ, ಸಾಲುಗಳು ಬಂದಿರುತ್ತವೆ, ಆದರೆ ಕೆಲಸ ನಿಲ್ಲುವುದಿಲ್ಲ. ಪಟ್ಟಿಯಲ್ಲಿ ಮ್ಯಾತ್ ಅಂತ ಇರುವ ಸಾಲುಗಳಿಗೆಲ್ಲ ತಿಳಿ ನೀಲಿ ಹಿನ್ನೆಲೆ ಕೊಡಿ. ಕೃಷಿ ಪುಸ್ತಕದ ನಡುವೆ ನೀಲಿ ಪಟ್ಟೆ ಕಂಡರೆ ಅಲ್ಲೇನೋ ತಪ್ಪಿದೆ ಅಂತಲೇ ಅರ್ಥ. ಇಲ್ಲೂ ಮದ್ದು ಬ್ಯಾಕ್‌ಸ್ಲ್ಯಾಷೇ, \$ ಅಂತ ಬರೆಯಬೇಕು.

ಇದಕ್ಕೆ ಇನ್ನೊಂದು ಬಲವಾದ ಕಾವಲೂ ಇದೆ. ಲೇಟೆಕ್ ಇರುವ ತಂತ್ರಾಂಶಗಳ ಕಟ್ಟಾದ ಟೆಕ್ ಲೈವ್‌ನ 2021ರ ಆವೃತ್ತಿಯಿಂದ ಈಚೆಗೆ, ಫೈಲಿನ ಮೊದಲಲ್ಲಿ ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಎಂಬ ಕಮಾಂಡಿಗೆ 3 ಎಂಬ ಬೆಲೆ ಕೊಟ್ಟರೆ (\tracinglostchars=3), ಫಾಂಟಿನಲ್ಲಿ ಇಲ್ಲದ ಅಕ್ಷರ ಬಂದ ಕೂಡಲೇ ಎರರ್ ಬರುತ್ತದೆ. ಬಣ್ಣವನ್ನು ಕಣ್ಣು ತಪ್ಪಿದರೂ ಇದು ಬಿಡುವುದಿಲ್ಲ. ನನ್ನ ಎಲ್ಲ ಪುಸ್ತಕಗಳಲ್ಲೂ ಇದನ್ನು ಹಾಕಿದ್ದೇನೆ.

ಉಳಿದ ಚಿಹ್ನೆಗಳ ಬಗ್ಗೆ ಇಷ್ಟು ಚಿಂತೆ ಬೇಡ. & ಅಥವಾ # ಪಠ್ಯದ ನಡುವೆ ತಪ್ಪಿ ಬಂದರೆ ಯಂತ್ರವೇ ಕೂಗಿ ಹೇಳುತ್ತದೆ. ಸದ್ದಿಲ್ಲದೆ ಮಾತು ನುಂಗುವುದು % ಮತ್ತು ಜೋಡಿ $. ಅದಕ್ಕೇ ಎದ್ದು ಕಾಣುವ ಬಣ್ಣ ಇವೆರಡಕ್ಕೆ ಮಾತ್ರ. ಕಮಾಂಡುಗಳಿಗೆ ಒಂದೇ ಒಂದು ಕಡು ನೀಲಿ ಅಕ್ಷರ ಸಾಕು, ಹಿನ್ನೆಲೆ ಬೇಡ. ಆವರಣ ಚಿಹ್ನೆ ಜೋಡಿ ಸೇರಿದರೆ ಎಳೆ ಹಸಿರು, ಸೇರದಿದ್ದರೆ ಕೆಂಪು. ಮುಂದೆ ಹೇಳುವ ಒಂದನ್ನು ಬಿಟ್ಟರೆ ಇನ್ನು ಯಾವುದಕ್ಕೂ ಬಣ್ಣ ಹಾಕಬೇಡಿ. ಹತ್ತು ಬಣ್ಣ ಸೇರಿದರೆ ತೆರೆ ಜಾತ್ರೆಯ ಹಾಗಾಗುತ್ತದೆ, ಅರಿಸಿನ ಅದರಲ್ಲಿ ಮುಳುಗಿಹೋಗುತ್ತದೆ.

ಇದೇ ಕಾರಣಕ್ಕೆ ಎರಡು ಗದ್ದಲ ನಿಲ್ಲಿಸಬೇಕು. ಒಂದು, ಕಾಗುಣಿತ ತಪಾಸಣೆ. ಇಂಗ್ಲಿಷ್ ನಿಘಂಟು ಹಿಡಿದುಕೊಂಡು ಅದು ನಮ್ಮ ಒಂದೊಂದು ಪದದ ಕೆಳಗೂ ಕೆಂಪು ಅಲೆ ಎಳೆಯಬಹುದು. ಎಡಿಟರ್ ಪುಟದ ಇನ್‌ಲೈನ್ ಚೆಕಿಂಗ್ ಗುಂಪಿನಲ್ಲಿ ಸ್ಪೆಲಿಂಗ್ ಟಿಕ್ ತೆಗೆಯಿರಿ. ಸಿಂಟ್ಯಾಕ್ಸ್ ಟಿಕ್ ಹಾಗೇ ಇರಲಿ, ಅದು ಬೇಕು. ಎರಡು, ನೀವೇ ಮಾಡಿಕೊಂಡ ಕಮಾಂಡುಗಳನ್ನು ಎಡಿಟರ್ ತಪ್ಪು ಅಂತ ತೋರಿಸುವುದು. ಅದೇ ಫೈಲಿನಲ್ಲಿ ನ್ಯೂಕಮಾಂಡ್ ಬಳಸಿ ಬರೆದಿದ್ದರೆ ತಾನಾಗಿ ಗುರುತಿಸುತ್ತದೆ. ಬೇರೆ ಪ್ಯಾಕೇಜ್ ಫೈಲಿನಲ್ಲಿ, ಅಂದ್ರೆ ಕಮಾಂಡುಗಳನ್ನು ಕೂಡಿಡುವ ಫೈಲಿನಲ್ಲಿ, ಇಟ್ಟಿದ್ದರೆ ಗೊತ್ತಾಗದೆ ಇರಬಹುದು. ಆಗ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಸಾಲಿಗೊಂದರಂತೆ ಕಮಾಂಡುಗಳನ್ನು ಬರೆದು, ಪ್ಯಾಕೇಜಿನದೇ ಹೆಸರು ಕೊಟ್ಟು, ಸಿಡಬ್ಲ್ಯುಎಲ್ ಎಂಬ ಬಾಲ ಸೇರಿಸಿ, ಟೆಕ್‌ಸ್ಟುಡಿಯೋದ ಸೆಟ್ಟಿಂಗ್ ಫೋಲ್ಡರಿನೊಳಗೆ ಕಂಪ್ಲೀಷನ್, ಅದರೊಳಗೆ ಯೂಸರ್ ಫೋಲ್ಡರಿನಲ್ಲಿ ಇಡಿ. ಎಡಿಟರ್ ಮುಚ್ಚಿ ತೆರೆದರೆ ಆ ಗುರುತುಗಳು ಹೋಗುತ್ತವೆ.

ಬೇಕೆಂದೇ ಬರೆಯುವ ಕಮೆಂಟಿಗೂ ಒಂದು ದಾರಿ ಇದೆ. ಲೇಖಕರನ್ನು ಕೇಳಬೇಕಾದ ಪ್ರಶ್ನೆ ಬಂದರೆ ಹೊಸ ಸಾಲಿನಲ್ಲಿ % ಹಾಕಿ, ಟೂಡೂ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು ಪ್ರಶ್ನೆ ಬರೆಯಿರಿ. ಅದಕ್ಕೆ ಪಟ್ಟಿಯಲ್ಲಿ ಬೇರೆಯೇ ಸಾಲಿದೆ, ನಾನು ಎಳೆ ಹಸಿರು ಹಿನ್ನೆಲೆ ಕೊಟ್ಟಿದ್ದೇನೆ. ಎಡಗಡೆಯ ಸ್ಟ್ರಕ್ಚರ್ ಪಟ್ಟಿಯಲ್ಲೂ ಅವೆಲ್ಲ ಒಂದೆಡೆ ಸಿಗುತ್ತವೆ. ಮೇಷ್ಟ್ರಿಗೆ ಫೋನ್ ಮಾಡುವಾಗ ಆ ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಕೇಳುತ್ತೇನೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಫೈಲ್ ಮಾಡಿ. ಐದೇ ಸಾಲು ಸಾಕು, ನಡುವೆ ಖಾಲಿ ಸಾಲು ಬಿಡಿ. ಮೊದಲನೆಯದರಲ್ಲಿ "ರಾಷ್ಟ್ರ", "ಸ್ತ್ರೀ", "ಕೈಂಕರ್ಯ" ತರಹದ ಪದಗಳು. ಎರಡನೆಯದರಲ್ಲಿ ಬರೀ %, ಅದರ ಮುಂದೆ ಕನ್ನಡ ವಾಕ್ಯ. ಮೂರನೆಯದರಲ್ಲಿ \% ಇರುವ ಅದೇ ವಾಕ್ಯ. ನಾಲ್ಕನೆಯದು ಎರಡು ಡಾಲರ್ ಇರುವ ಸಾಲು. ಐದನೆಯದರಲ್ಲಿ ಮುಚ್ಚದ ಒಂದು ಆವರಣ. ಫೈಲ್ ತೆರೆದರೆ ಒಂದು ಮತ್ತು ಮೂರು ಕಪ್ಪಾಗಿ, ಎರಡು ಅರಿಸಿನವಾಗಿ, ನಾಲ್ಕರ ನಡುಭಾಗ ನೀಲಿಯಾಗಿ ಕಾಣಬೇಕು. ಐದರಲ್ಲಿ ಕರ್ಸರನ್ನು ಆವರಣದ ಪಕ್ಕ ಇಟ್ಟಾಗ ಹಸಿರು ಜೋಡಿ ಕಾಣಬಾರದು.

ಅಚ್ಚಿಗೆ ಕಳಿಸುವ ದಿನ ಬಣ್ಣವನ್ನೊಂದೇ ನಂಬಬೇಡಿ. ಕಂಟ್ರೋಲ್ ಎಫ್ ಒತ್ತಿ % ಹುಡುಕಿ, ಒಂದೊಂದನ್ನೂ ನೋಡಿ. ಆಮೇಲೆ $ ಹುಡುಕಿ. 200 ಪುಟದ ಪುಸ್ತಕಕ್ಕೆ ನನಗೆ ಕಾಲು ಗಂಟೆ ಹಿಡಿಯುತ್ತದೆ. ಚೀಟಿ ಅಂಟಿಸಲು ಮೂರು ದಿನ ಹಿಡಿದಿತ್ತು.

ಇಷ್ಟು ಮಾಡಿಕೊಂಡ ಬಣ್ಣಗಳನ್ನು ಉಳಿಸಿಡಿ. ಆಪ್ಷನ್ಸ್ ಮೆನುವಿನಲ್ಲಿ ಸೇವ್ ಪ್ರೊಫೈಲ್ ಇದೆ. ಆ ಫೈಲನ್ನೂ ಪರೀಕ್ಷೆ ಫೈಲನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಬೇರೆ ಕಂಪ್ಯೂಟರಿನಲ್ಲಿ ಕೂತಾಗ ಲೋಡ್ ಪ್ರೊಫೈಲ್ ಕೊಟ್ಟು, ಕೆಲಸಕ್ಕೆ ಮೊದಲು ಪರೀಕ್ಷೆ ಫೈಲ್ ತೆರೆಯಿರಿ. ಎರಡನೇ ಸಾಲು ಅರಿಸಿನವಾಗಿ ಕಾಣದಿದ್ದರೆ ಪ್ರೊಫೈಲ್ ಇನ್ನೂ ಲೋಡ್ ಆಗಿಲ್ಲ, ಮತ್ತೊಮ್ಮೆ ಮಾಡಿ.