ಕೌಂಟರ್-ಸ್ಟ್ರೈಕ್: ಮೊದಲು ನಿಲ್ಲಿ, ಆಮೇಲೆ ಗುಂಡು ಹಾರಿಸಿ

ಮೊಬೈಲಿನಲ್ಲಿ ಬಿಜಿಎಂಐ ಆಡಿ ಪಳಗಿದ ಕಾರವಾರ, ಶಿರಸಿ ಕಡೆಯ ಹುಡುಗರು ಕಂಪ್ಯೂಟರಿನ ಕೌಂಟರ್-ಸ್ಟ್ರೈಕ್ 2ಕ್ಕೆ ಬಂದಾಗ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಓಡುತ್ತಲೇ ಗುಂಡು ಹಾರಿಸುತ್ತಾರೆ. ಎದುರಾಳಿ ಕಣ್ಣೆದುರೇ ನಿಂತಿದ್ದರೂ ಒಂದೂ ತಾಗುವುದಿಲ್ಲ. ‘ಗೇಮೇ ಸರಿಯಿಲ್ಲ’ ಎಂದು ಅಳಿಸಿಹಾಕುತ್ತಾರೆ. ಗೇಮ್ ಸರಿಯಾಗಿಯೇ ಇದೆ. ಓಡುವವನ ಗುಂಡು ಚದುರಿಹೋಗಬೇಕು ಎಂಬುದೇ ಇದರ ನಿಯಮ.

ಬಿಜಿಎಂಐಯಲ್ಲಿ ನೂರು ಜನ ದೊಡ್ಡ ಮ್ಯಾಪಿಗೆ ಇಳಿದು ಸಿಕ್ಕಿದ ಗನ್ ಎತ್ತಿಕೊಳ್ಳುತ್ತಾರೆ. ವ್ಯಾಲೊರಂಟ್ ಎಂಬ ಇನ್ನೊಂದು ಗೇಮಿನಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ಶಕ್ತಿ. ಕೌಂಟರ್-ಸ್ಟ್ರೈಕ್‌ನಲ್ಲಿ ಐವರ ಎದುರು ಐವರು, ಯಾರಿಗೂ ವಿಶೇಷ ಶಕ್ತಿಯಿಲ್ಲ, ಗನ್ನನ್ನು ಗೇಮಿನೊಳಗಿನ ದುಡ್ಡು ಕೊಟ್ಟು ಕೊಳ್ಳಬೇಕು. 1999ರಲ್ಲಿ ಹಾಫ್-ಲೈಫ್ ಗೇಮಿನ ಮಾಡ್ (ಇದ್ದ ಗೇಮನ್ನೇ ಮಾರ್ಪಡಿಸಿದ ಆಟ) ಆಗಿ ಹುಟ್ಟಿದಾಗಿನಿಂದ, ವಿಶೇಷ ಶಕ್ತಿಯಿಲ್ಲದೆ ಗನ್ ಕೊಂಡು ಆಡುವ ಈ ಮೂಲ ಬದಲಾಗಿಲ್ಲ.

ಹಂತ 1. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್ ಉಚಿತ. ಡಿಸ್ಕ್‌ನಲ್ಲಿ 85 ಜಿಬಿ ಜಾಗ, 8 ಜಿಬಿ ರ‍್ಯಾಮ್ ಇರಲಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಲು ಹೋಗಬೇಡಿ.

ಹಂತ 2. ಮೌಸಿನ ವೇಗ ಇಳಿಸಿ. ಮೌಸಿನದೇ ವೇಗದ ಅಳತೆಯಾದ ಡಿಪಿಐ 800 ಇದ್ದರೆ ಗೇಮಿನೊಳಗಿನ ವೇಗದ ಅಳತೆ, ಅಂದರೆ ಸೆನ್ಸಿಟಿವಿಟಿ, 1ರ ಆಸುಪಾಸಿನಲ್ಲಿರಲಿ. ಆಗ ಒಂದು ಪೂರ್ತಿ ಸುತ್ತು ತಿರುಗಲು ಮೌಸನ್ನು ಸುಮಾರು 52 ಸೆಂ.ಮೀ. ಎಳೆಯಬೇಕಾಗುತ್ತದೆ. ಅಂಗೈಯಗಲದ ಮೌಸ್‌ಪ್ಯಾಡ್ ಇದಕ್ಕೆ ಸಾಲದು. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಅಗಲವಾದ ಬಟ್ಟೆಯ ಪ್ಯಾಡಿಗೇ ಮಾಡಿ. ಬಣ್ಣದ ಲೈಟಿನ ಮೌಸ್ ಆಮೇಲೆ ನೋಡಿದರಾಯಿತು.

ಹಂತ 3. ನಿಲ್ಲುವುದು. ಆಟವೆಲ್ಲ ಇರುವುದು ಇಲ್ಲೇ. ‘ಎ’ ಕೀ ಒತ್ತಿ ಎಡಕ್ಕೆ ಓಡುತ್ತಿದ್ದೀರಿ ಎನ್ನಿ. ಕೀ ಬಿಟ್ಟ ತಕ್ಷಣ ಪಾತ್ರ ನಿಲ್ಲುವುದಿಲ್ಲ, ಸ್ವಲ್ಪ ಜಾರುತ್ತದೆ. ಆ ಜಾರುವಷ್ಟು ಹೊತ್ತೂ ಗುಂಡು ಚದುರುತ್ತದೆ. ಅದಕ್ಕೆ ‘ಎ’ ಬಿಟ್ಟು, ವಿರುದ್ಧ ದಿಕ್ಕಿನ ‘ಡಿ’ಯನ್ನು ಒಮ್ಮೆ ಮುಟ್ಟಿದಂತೆ ಒತ್ತಿ ಬಿಡಬೇಕು. ವೇಗ ಥಟ್ಟನೆ ಇಳಿಯುತ್ತದೆ. ಅದೇ ಕ್ಷಣಕ್ಕೆ ಗುಂಡು. ಇದಕ್ಕೆ ಕೌಂಟರ್-ಸ್ಟ್ರೇಫ್ ಎನ್ನುತ್ತಾರೆ.

ಎಲ್ಲಿ ಕೆಡುತ್ತದೆ ನೋಡಿ. ‘ಡಿ’ಯನ್ನು ಹೆಚ್ಚು ಹೊತ್ತು ಹಿಡಿದರೆ ಬಲಕ್ಕೆ ಓಟ ಶುರುವಾಗಿ ಗುಂಡು ಮತ್ತೆ ಹಾಳು. ‘ಎ’ ಬಿಡದೆ ‘ಡಿ’ ಒತ್ತಿದರೆ ಎರಡೂ ಒಂದನ್ನೊಂದು ರದ್ದು ಮಾಡಿ ಪಾತ್ರ ಬರೀ ಜಾರುತ್ತದೆ. ಮೂಲೆ ತಿರುಗುವಾಗ ಮುಂದಕ್ಕೆ ಓಡಿಸುವ ‘ಡಬ್ಲ್ಯೂ’ ಒತ್ತಿಕೊಂಡೇ ಇರುವುದಂತೂ ಬಹಳ ಜನರ ಚಾಳಿ. ಮೂಲೆಗೆ ಬರುವ ಮೊದಲೇ ಆ ಬೆರಳು ಎತ್ತಿ. ಶಿಫ್ಟ್ ಹಿಡಿದು ನಡೆದರೆ ಗುರಿ ತಪ್ಪುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಗನ್ ಹಿಡಿದು ಓಡುವ ಪೂರ್ತಿ ವೇಗದ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿದರೆ ಮಾತ್ರ ಗುಂಡು ನೆಟ್ಟಗೆ ಹೋಗುತ್ತದೆ. ಶಿಫ್ಟ್ ನಡಿಗೆ ಪೂರ್ತಿ ವೇಗದ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಶಿಫ್ಟ್ ಇರುವುದು ಹೆಜ್ಜೆ ಸದ್ದು ಅಡಗಿಸಲು.

ಅಭ್ಯಾಸಕ್ಕೆ ಪ್ರಾಕ್ಟೀಸ್ ವಿಭಾಗದಲ್ಲಿ ಒಂದು ಮ್ಯಾಪ್ ತೆರೆದು, ಎಕೆ-47 ಹಿಡಿದು ಗೋಡೆಯ ಮುಂದೆ ನಿಲ್ಲಿ. ಓಡುವಾಗ ಅಗಲವಾಗುವ ಕ್ರಾಸ್‌ಹೇರ್ (ಪರದೆಯ ನಡುವಿನ ಗುರಿಯ ಗುರುತು) ಹಾಕಿಕೊಳ್ಳಿ. ಎಡ, ನಿಲುಗಡೆ, ಒಂದೇ ಗುಂಡು. ಬಲ, ನಿಲುಗಡೆ, ಒಂದೇ ಗುಂಡು. ಗೋಡೆಯ ತೂತು ಕ್ರಾಸ್‌ಹೇರ್‌ನ ನಡುವೆಯೇ ಬಿದ್ದರೆ ಸರಿ, ಪಕ್ಕಕ್ಕೆ ಬಿದ್ದರೆ ನೀವು ಇನ್ನೂ ಚಲಿಸುತ್ತಿದ್ದೀರಿ. ಕಂಪ್ಯೂಟರೇ ಆಡಿಸುವ ಬಾಟ್‌ಗಳ ಜೊತೆ ಗಂಟೆಗಟ್ಟಲೆ ಆಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಇದನ್ನು ಮಾಡುವುದು ಮೇಲು.

ಕೌಂಟರ್-ಸ್ಟ್ರೇಫನ್ನು ತಾನೇ ಮಾಡಿಕೊಡುವ ಕೀಬೋರ್ಡ್‌ಗಳು ಮಾರುಕಟ್ಟೆಯಲ್ಲಿವೆ. ಕೊಳ್ಳಬೇಡಿ. 2024ರ ಆಗಸ್ಟ್‌ನಿಂದ ಗೇಮಿನ ಒಡೆಯ ವಾಲ್ವ್ ಕಂಪನಿ ತನ್ನ ಸರ್ವರ್‌ಗಳಲ್ಲಿ ಇಂಥದ್ದನ್ನು ಪತ್ತೆಹಚ್ಚಿ ಆಟಗಾರರನ್ನು ಪಂದ್ಯದಿಂದ ಹೊರಹಾಕುತ್ತಿದೆ. ಕೀಬೋರ್ಡ್ ಈಗಾಗಲೇ ಇದ್ದರೆ ಆ ಸೌಲಭ್ಯ ಬಂದ್ ಮಾಡಿಯೇ ಆಡಿ.

ಹಂತ 4. ಗನ್ನಿನ ಒದೆತ. ಎಕೆ-47ರಲ್ಲಿ 30 ಗುಂಡು. ಒತ್ತಿ ಹಿಡಿದರೆ ಮೊದಲು ಮೇಲಕ್ಕೆ, ಆಮೇಲೆ ಅಕ್ಕಪಕ್ಕಕ್ಕೆ ಹೋಗುತ್ತವೆ, ಮತ್ತು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಮೊದಲ ಹತ್ತು ಗುಂಡಿಗೆ ಮೌಸನ್ನು ಕೆಳಕ್ಕೆ ಎಳೆಯುವುದು ಕಲಿತರೆ ಸಾಕು. ದೂರದವರಿಗೆ ಒಂದೊಂದೇ ಗುಂಡು, ಅದೂ ತಲೆಗೆ: ಎಕೆ ಗುಂಡು ತಲೆಗೆ ಬಿದ್ದರೆ ಹೆಲ್ಮೆಟ್ ಇದ್ದವನೂ ಸಾಯುತ್ತಾನೆ. ಎಕೆ ಬಾಂಬ್ ಇಡುವ ಬಣದ ಗನ್. ಬಾಂಬ್ ತಡೆಯುವ ಎದುರು ಬಣದ ಎಂ4 ಗನ್ನಿಗೆ ಆ ತಾಕತ್ತಿಲ್ಲ.

ಹಂತ 5. ದುಡ್ಡು. ಶುರುವಿಗೆ 800 ಡಾಲರ್. ಎಕೆಗೆ 2700, ಹೆಲ್ಮೆಟ್ ಸಹಿತ ಕವಚಕ್ಕೆ 1000. ಸತತ ಸೋತರೆ ಪ್ರತಿ ಸುತ್ತಿಗೆ ಸಿಗುವ ಸಮಾಧಾನದ ಹಣ 3400ರವರೆಗೆ ಏರುತ್ತದೆ. ಹಾಗಾಗಿ ಕೊಂಡರೆ ಐವರೂ ಕೊಳ್ಳಿ, ಉಳಿಸಿದರೆ ಐವರೂ ಉಳಿಸಿ. ಬಾಂಬ್ ತಡೆಯುವ ಬಣದಲ್ಲಿದ್ದಾಗ ಬಾಂಬ್ ನಿಷ್ಕ್ರಿಯಗೊಳಿಸುವ 400ರ ಕಿಟ್ ಮರೆಯಬೇಡಿ. ಇಟ್ಟ ಬಾಂಬ್ 40 ಸೆಕೆಂಡಿಗೆ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯಗೊಳಿಸಲು ಬರಿಗೈಯಲ್ಲಿ 10 ಸೆಕೆಂಡ್, ಕಿಟ್ ಇದ್ದರೆ 5.

ಹಂತ 6. ಮಾತು. ಕಾರವಾರದ ಗೆಳೆಯರು ಸೇರಿ ಆಡುವಾಗ ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತಾಡಿ, ಒಳ್ಳೆಯದೇ. ಜಾಗದ ಹೆಸರು ಮಾತ್ರ ‘ಲಾಂಗ್’, ‘ಮಿಡ್’, ‘ಟನಲ್’ ಎಂದೇ ಇರಲಿ, ಹೊರಗಿನವರು ಟೀಮಿಗೆ ಸೇರಿದಾಗ ತೊಡಕಾಗುವುದಿಲ್ಲ. ‘ಲಾಂಗ್‌ನಲ್ಲಿ ಇಬ್ಬರು’ ಅಂದರೆ ಮುಗಿಯಿತು. ಸತ್ತ ಮೇಲೆ ಉದ್ದ ವಿವರಣೆ ಕೊಡುತ್ತ ಕೂತರೆ ಉಳಿದವರಿಗೆ ಹೆಜ್ಜೆ ಸದ್ದು ಕೇಳುವುದಿಲ್ಲ.

ಮಳೆಗಾಲದಲ್ಲಿ ಘಟ್ಟದ ಮೇಲೂ ಕರಾವಳಿಯಲ್ಲೂ ಕರೆಂಟಿನ ಭರವಸೆ ಇಲ್ಲ. ಸ್ಪರ್ಧಾತ್ಮಕ ಪಂದ್ಯದ ನಡುವೆ ಹೋಗಿ ವಾಪಸಾಗದಿದ್ದರೆ ನಿಷೇಧ ಬೀಳುತ್ತದೆ, ಪದೇ ಪದೇ ಆದರೆ ಅದರ ಅವಧಿಯೂ ಹೆಚ್ಚುತ್ತದೆ. ಲ್ಯಾಪ್‌ಟಾಪ್ ಇದ್ದವರು ರೌಟರಿಗೆ, ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ, ಪುಟ್ಟ ಯುಪಿಎಸ್ ಹಾಕಿಸಿಕೊಳ್ಳಿ. ಡೆಸ್ಕ್‌ಟಾಪಿನವರು ಗುಡುಗು ಶುರುವಾದರೆ ಸತ್ತ ಕೂಡಲೇ ಮತ್ತೆ ಹುಟ್ಟಿ ಆಡುವ ಡೆತ್‌ಮ್ಯಾಚ್ ಆಡಿ. ಅಲ್ಲಿ ಯಾವಾಗ ಬೇಕಾದರೂ ಬಿಟ್ಟು ಏಳಬಹುದು, ಮೂರನೇ ಹಂತದ ಅಭ್ಯಾಸವೂ ಆಗುತ್ತದೆ.