ಹುಲ್ಲು ಚಿಗುರಿತು, ಹಾಲಿನ ಜಿಡ್ಡು ಇಳಿಯಿತು

ಮಳೆ ಬಿದ್ದು ಹದಿನೈದು ದಿನಗಳಾಗಿದ್ದವು. ಹುಲ್ಲುಗಾವಲಿನ ತುಂಬ ಗೇಣುದ್ದದ ಎಳೆ ಹುಲ್ಲು. ಬೆಳಿಗ್ಗೆ ಹೊರಬಿಟ್ಟರೆ ನನ್ನ ಎಂಟು ಹಸುಗಳು ಸಂಜೆಯವರೆಗೂ ತಲೆ ಎತ್ತುತ್ತಿರಲಿಲ್ಲ. ಪ್ರತಿ ಹಸುವಿನ ಹಾಲು ದಿನಕ್ಕೆ ಒಂದೂವರೆ ಲೀಟರ್‌ನಷ್ಟು ಏರಿತು. ನಾನು ಹಿಗ್ಗಿದೆ. ಆದರೆ ಮುಂದಿನ ವಾರದ ಪರೀಕ್ಷೆಯಲ್ಲಿ ಶೇ. 4.1 ಇದ್ದ ಜಿಡ್ಡಿನ ಅಂಶ 3.2ಕ್ಕೆ ಕುಸಿದಿತ್ತು.

ಮೊದಲು ಕರೆಯುವ ಕೈಯನ್ನೇ ಅನುಮಾನಿಸಿದೆ. ಕೊನೆಯಲ್ಲಿ ಬರುವ ಹಾಲಿನಲ್ಲಿ ಜಿಡ್ಡು ಹೆಚ್ಚು. ಕೆಚ್ಚಲು ಪೂರ್ತಿ ಬರಿದಾಗದಿದ್ದರೆ ಲೆಕ್ಕ ತಪ್ಪುತ್ತದೆ. ನಾನೇ ಕುಳಿತು ಕೊನೆಯ ಹನಿಯವರೆಗೆ ಕರೆದು ನೋಡಿದೆ, ವ್ಯತ್ಯಾಸವಾಗಲಿಲ್ಲ. ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಪುಷ್ಟಿ ಸಾಲದಾಗಿದೆ ಎಂದುಕೊಂಡು ಪ್ರತಿ ಹಸುವಿಗೆ ಪಶು ಆಹಾರವನ್ನು ಒಂದು ಕಿಲೋ ಹೆಚ್ಚಿಸಿದೆ. ಜಿಡ್ಡು 3.0ಕ್ಕೆ ಇಳಿಯಿತು, ಸಗಣಿ ನೀರಾಯಿತು.

ಪಶುವೈದ್ಯರು ಬಂದವರು ಕೆಚ್ಚಲನ್ನು ಮುಟ್ಟಲೇ ಇಲ್ಲ. ಮರದ ನೆರಳಿನಲ್ಲಿ ಮಲಗಿದ್ದ ಹಸುಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, "ಎಂಟರಲ್ಲಿ ಎಷ್ಟು ಮೆಲುಕು ಹಾಕುತ್ತಿವೆ, ಎಣಿಸಿ" ಎಂದರು. ಎರಡೇ ಎರಡು. ಆರಾಮವಾಗಿ ಮಲಗಿದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೆಲುಕು ಹಾಕುತ್ತಿರಬೇಕು. ಇಷ್ಟು ವರ್ಷ ಹಸು ಸಾಕಿದ ನಾನು ಇದನ್ನು ಒಮ್ಮೆಯೂ ಎಣಿಸಿರಲಿಲ್ಲ.

ಕಾರಣ ತಿಳಿದ ಮೇಲೆ ಎಲ್ಲವೂ ಸ್ಪಷ್ಟವಾಯಿತು. ಹಸುವಿನ ಹೊಟ್ಟೆಯ ಮೊದಲ ಕೋಣೆಯಾದ ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿದಾಗ ಅಸಿಟಿಕ್ ಆಮ್ಲ ಹೆಚ್ಚು ಹುಟ್ಟುತ್ತದೆ. ಕೆಚ್ಚಲು ಹಾಲಿನ ಜಿಡ್ಡಿನ ದೊಡ್ಡ ಪಾಲನ್ನು ಕಟ್ಟಿಕೊಳ್ಳುವುದು ಅದರಿಂದಲೇ. ಎಳೆ ಹುಲ್ಲಿನಲ್ಲಿ ನೀರು, ಸಕ್ಕರೆ, ಪ್ರೋಟೀನು ಧಾರಾಳ. ನಾರು ಮಾತ್ರ ಕಡಿಮೆ. ಅಗಿಯುವ ಕೆಲಸ ಕಡಿಮೆಯಾದರೆ ಜೊಲ್ಲೂ ಕಡಿಮೆಯಾಗುತ್ತದೆ. ಹೊಟ್ಟೆಯ ಹುಳಿಯನ್ನು ತಣಿಸುವ ಸೋಡಾದ ಅಂಶ ಇರುವುದು ಆ ಜೊಲ್ಲಿನಲ್ಲೇ. ಹುಳಿ ಏರಿದಾಗ ನಾರು ಕರಗಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಎಳೆ ಹುಲ್ಲಿನ ಎಣ್ಣೆಯೂ ಅಂಥ ಹೊಟ್ಟೆಯಲ್ಲಿ ಬೇರೆ ದಾರಿಯಲ್ಲಿ ಮಾರ್ಪಟ್ಟು, ಕೆಚ್ಚಲಿನಲ್ಲಿ ಜಿಡ್ಡು ತಯಾರಾಗುವುದನ್ನೇ ತಡೆಯುತ್ತದೆ. ಇದರ ಮೇಲೆ ನಾನು ಹೆಚ್ಚುವರಿ ಧಾನ್ಯ ಸುರಿದಿದ್ದೆ!

ಮರುದಿನದಿಂದಲೇ ಕ್ರಮ ಬದಲಿಸಿದೆ. ಹೊರಗೆ ಬಿಡುವ ಮೊದಲು ಪ್ರತಿ ಹಸುವಿಗೆ ಎರಡು ಕಿಲೋ ಒಣಹುಲ್ಲು. ಮೇಯ್ದು ಬಂದ ಮೇಲೆ ಹಾಕಿದರೆ ಮೂಸಿಯೂ ನೋಡುವುದಿಲ್ಲ, ಹಸಿದಾಗಲೇ ಹಾಕಬೇಕು. ಹುಲ್ಲನ್ನು ತೀರ ಸಣ್ಣಗೆ ಕತ್ತರಿಸುವುದನ್ನೂ ಬಿಟ್ಟೆ. ಪುಡಿಯಾದ ನಾರು ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೆಲುಕು ಹಾಕಿಸುವುದಿಲ್ಲ. ಎರಡು ಅಂಗುಲವಾದರೂ ಉದ್ದವಿರಬೇಕು. ಪಶು ಆಹಾರವನ್ನು ಹಳೆಯ ಪ್ರಮಾಣಕ್ಕೆ ಇಳಿಸಿ, ಒಂದು ಹೊತ್ತಿಗೆ ಎರಡು ಕಿಲೋ ಮೀರದಂತೆ ಹಂಚಿದೆ. ಮೊದಲ ಮೂರು ವಾರ ಅದರಲ್ಲಿ ದಿನಕ್ಕೆ ನೂರು ಗ್ರಾಂ ಅಡುಗೆ ಸೋಡಾ ಬೆರೆಸಿದೆ.

ಪ್ರೋಟೀನಿಗೆಂದು ಹಾಕುತ್ತಿದ್ದ ಹಿಂಡಿಯನ್ನು ಅರ್ಧಕ್ಕೆ ಇಳಿಸಲು ಮನಸ್ಸು ಒಪ್ಪಲಿಲ್ಲ, ಆದರೂ ಇಳಿಸಿದೆ. ಎಳೆ ಹುಲ್ಲಿನ ಒಣ ಅಂಶದಲ್ಲಿ ಪ್ರೋಟೀನು ಶೇ. 20 ದಾಟುವುದೂ ಉಂಟು. ಅದನ್ನು ಬಳಸಿಕೊಳ್ಳುವಷ್ಟು ಶಕ್ತಿ ಸೂಕ್ಷ್ಮಜೀವಿಗಳಿಗೆ ಸಿಗದಿದ್ದರೆ ಅದು ಯೂರಿಯಾ ಆಗಿ ಹಾಲು, ಗಂಜಲಗಳಲ್ಲಿ ಹರಿದು ಹೋಗುತ್ತದೆ. ಹಾಗಾಗಿ ಹಿಂಡಿಯ ಜಾಗದಲ್ಲಿ ಸ್ವಲ್ಪ ಜೋಳದ ನುಚ್ಚು ಕೊಟ್ಟೆ. ಜಿಡ್ಡನ್ನು ಬಿಟ್ಟು ಉಳಿದ ಘನಾಂಶ ಚೇತರಿಸಿಕೊಂಡದ್ದು ಇದರಿಂದಲೇ ಎಂದು ನನ್ನ ನಂಬಿಕೆ. ಹುಲ್ಲುಗಾವಲಿನಲ್ಲಿ ಮೇಯಲು ಬಿಡುವ ಹೊಸ ಭಾಗವನ್ನು ಬೆಳಿಗ್ಗೆಯ ಬದಲು ಮಧ್ಯಾಹ್ನದ ಮೇಲೆ ತೆರೆಯತೊಡಗಿದೆ. ಬಿಸಿಲು ಕುಡಿದ ಹುಲ್ಲಿನಲ್ಲಿ ಸಕ್ಕರೆ, ಒಣ ಅಂಶ ಎರಡೂ ಹೆಚ್ಚು; ಪ್ರೋಟೀನನ್ನು ಬಳಸಿಕೊಳ್ಳುವ ಶಕ್ತಿ ಸೂಕ್ಷ್ಮಜೀವಿಗಳಿಗೆ ಆ ಸಕ್ಕರೆಯಿಂದ ಸಿಗುತ್ತದೆ.

ಎಳೆ ಹುಲ್ಲಿನ ಕಾಲದಲ್ಲಿ ಖನಿಜ ಮಿಶ್ರಣವನ್ನು ತಪ್ಪಿಸಲೇಬಾರದು. ಮೆಗ್ನೀಷಿಯಂ ಕಡಿಮೆಯಾದರೆ ಹಸು ನಡುಗಿ, ಕುಸಿದು ಬಿದ್ದು, ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇಲ್ಲಿ ಜಿಡ್ಡಿನ ಮಾತಿರಲಿ, ಪ್ರಾಣದ ಪ್ರಶ್ನೆ.

ನಾಲ್ಕನೆಯ ದಿನಕ್ಕೆ ಸಗಣಿ ಗಟ್ಟಿಯಾಯಿತು. ಜಿಡ್ಡು ಏರಲು ಇನ್ನೂ ಒಂದು ವಾರ ಬೇಕಾಯಿತು. ಆ ವಾರವಿಡೀ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮೊದಲು 3.5, ಮೂರನೆಯ ವಾರದ ಕೊನೆಗೆ 3.9. ಹಾಲು ಅರ್ಧ ಲೀಟರ್ ಇಳಿಯಿತು. ಅದಕ್ಕೆ ನನಗೆ ಬೇಸರವಿಲ್ಲ.

ಈಗಲೂ ಒಬ್ಬಳು ಹಠಮಾರಿ ಇದ್ದಾಳೆ, ಕೊಟ್ಟಿಗೆಯ ಹಿರಿಯ ಹಸು. ಬೆಳಿಗ್ಗೆ ಒಣಹುಲ್ಲನ್ನು ಮೂತಿಯಿಂದ ಬದಿಗೆ ತಳ್ಳಿ ಬಾಗಿಲು ನೋಡುತ್ತ ನಿಲ್ಲುತ್ತಾಳೆ. ಅವಳ ಪಾಲಿಗೆ ಮಾತ್ರ ಕಾಕಂಬಿ ಬೆರೆಸಿದ ನೀರನ್ನು ಚಿಮುಕಿಸುತ್ತೇನೆ. ಆಮೇಲೆ ಒಂದು ಕಡ್ಡಿಯನ್ನೂ ಬಿಡುವುದಿಲ್ಲ.