ರಾತ್ರಿ ಕಾಲು ಒದೆಯುವ ಮಕ್ಕಳು: ಸೆನ್ಸರ್ ಗ್ರಾಫಿನ ಪಕ್ಕ ವಿಡಿಯೋ ಇಟ್ಟು ನೋಡಿದ ನನ್ನ ಅನುಭವ

ಟೈಪ್ 1 ಡಯಾಬಿಟಿಸ್ ಇರುವ ಮಗು ನಿದ್ದೆಯಲ್ಲಿ ಕಾಲು ಒದೆಯುತ್ತದೆ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಶುಗರ್ ಲೋ ಆಗಿರುತ್ತೆ, ಮಲಗೋ ಮುಂಚೆ ಎರಡು ಬಿಸ್ಕೆಟ್ ಜಾಸ್ತಿ ಕೊಡಿ. ಜಯನಗರದ ಕ್ಲಿನಿಕ್ಕಿನಲ್ಲಿ ಡಯಾಬಿಟಿಸ್ ಎಜುಕೇಟರ್ ಆಗಿ ವರ್ಷಗಟ್ಟಲೆ ಇದನ್ನೇ ಕೇಳಿದ್ದೇನೆ. ಒದೆತ ನಿಲ್ಲುತ್ತಿರಲಿಲ್ಲ. ಬೆಳಗಿನ ಶುಗರ್ ಮಾತ್ರ 250 ದಾಟುತ್ತಿತ್ತು.

ಮೈಗೆ ಅಂಟಿಸಿ ಹಗಲು-ರಾತ್ರಿ ಶುಗರ್ ಅಳೆಯುವ ಸೆನ್ಸರಿನ ಗ್ರಾಫಿನ ಪಕ್ಕ ರಾತ್ರಿಯ ವಿಡಿಯೋ ಇಟ್ಟು ನೋಡೋಣ ಅಂದೆ. "ಸ್ಲೀಪ್ ಲ್ಯಾಬಿನ ಕೆಲಸ ಮೊಬೈಲಲ್ಲಿ ಆಗುತ್ತಾ?" ಅಂದರು ಜೊತೆಯವರು. ಮಲಗಿಸಿ ನಿದ್ದೆ ಪರೀಕ್ಷಿಸುವ ಆ ಲ್ಯಾಬಿನಲ್ಲಿ ಒಂದು ರಾತ್ರಿಗೆ ಹತ್ತು-ಹದಿನೈದು ಸಾವಿರ. ಸೆನ್ಸರಿಗೇ ಎರಡು ವಾರಕ್ಕೆ ಐದು ಸಾವಿರದ ಹತ್ತಿರ ಸುರಿಯುವ ಅಪ್ಪ-ಅಮ್ಮ ಅದನ್ನೆಲ್ಲಿಂದ ತರಬೇಕು? ಹಳೇ ಮೊಬೈಲ್ ಅಂತೂ ಎಲ್ಲರ ಮನೆಯಲ್ಲೂ ಇರುತ್ತೆ, ಅಲ್ವಾ?

ಮೊದಲು ಫಿಟ್‌ನೆಸ್ ಬ್ಯಾಂಡನ್ನು ಕಾಲಿಗೆ ಕಟ್ಟಿದೆವು. ಎರಡು ಸಾವಿರ ದಂಡ. ಹೊರಳಿದ್ದು ಯಾವುದು, ಒದ್ದದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲೇ ಇಲ್ಲ. ವಿಡಿಯೋಗೆ ಹೊದಿಕೆ ಅಡ್ಡ ಬಂತು, ಕತ್ತಲಲ್ಲಿ ಪಾದವೇ ಕಾಣಲಿಲ್ಲ. ಕೊನೆಗೆ ಕಪ್ಪು ಸಾಕ್ಸಿನ ಹೆಬ್ಬೆರಳ ಮೇಲೆ ಬಿಳಿ ಬಟ್ಟೆಯ ಪಟ್ಟಿ ಹೊಲಿಸಿ, ಜೀರೋ ವಾಟ್ ಬಲ್ಬ್ ಹಾಕಿಸಿದೆ. ಆಗ ಕಂಡಿತು. ಹೆಬ್ಬೆರಳು ಮೇಲಕ್ಕೆ, ಪಾದ ಹಿಂದಕ್ಕೆ, ಮೊಣಕಾಲು ಸ್ವಲ್ಪ ಮಡಚಿ, ಮತ್ತೆ ಸಡಿಲ. ಇಪ್ಪತ್ತು-ಮೂವತ್ತು ಸೆಕೆಂಡಿಗೊಮ್ಮೆ ಅದೇ, ಗಡಿಯಾರದ ಹಾಗೆ. ಅಷ್ಟು ಹೊತ್ತೂ ಸೆನ್ಸರಿನ ಗೆರೆ 140ರ ಸುತ್ತ ನೆಟ್ಟಗಿತ್ತು. ಲೋ ಅಲ್ಲವೇ ಅಲ್ಲ!

ಮಕ್ಕಳಲ್ಲಿ ಇಂಥ ಒದೆತ ಗಂಟೆಗೆ 5ಕ್ಕಿಂತ ಜಾಸ್ತಿ ಬಂದರೆ ಸುಮ್ನೆ ಬಿಡಬಾರದು. ಒಬ್ಬ ಹುಡುಗನಿಗೆ ಲ್ಯಾಬಿನಲ್ಲಿ ಕಾಲಿನ ಮಾಂಸಖಂಡಕ್ಕೆ ತಂತಿ ಅಂಟಿಸಿ ಎಣಿಸಿದಾಗ, ನನ್ನ ಎಣಿಕೆಗೆ ಹತ್ತಿರವೇ ಬಂತು. ಫೋನ್ ಎಲ್ಲಿಡುತ್ತೇನೆ, ರಾತ್ರಿಯಿಡೀ ತೆಗೆದ ವಿಡಿಯೋವನ್ನು ಅರ್ಧ ಗಂಟೆಯಲ್ಲಿ ಹೇಗೆ ಮುಗಿಸುತ್ತೇನೆ ಅನ್ನೋದು ನನ್ನ ಕೈಚಳಕ, ಅದನ್ನಿಲ್ಲಿ ಬರೆಯಲ್ಲ.

ಒಂದು ಮಗುವಿನ ವಿಡಿಯೋ ನೋಡಿ ಡಾಕ್ಟರ್ ಫೆರಿಟಿನ್ ಬರೆದರು, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ. ಆರೇಳು ನೂರು ರೂಪಾಯಿ. 16ರ ಹತ್ತಿರ ಬಂತು. ರಿಪೋರ್ಟಿನಲ್ಲಿ 'ನಾರ್ಮಲ್' ಅಂತಲೇ ಇತ್ತು, ಆದರೆ ಕಾಲಿನ ಈ ತೊಂದರೆ ಇರುವ ಮಕ್ಕಳಿಗೆ 50ರ ಮೇಲಿರಬೇಕು. ಜ್ವರ ಇದ್ದಾಗ ಮಾಡಿಸಬೇಡಿ, ಸುಳ್ಳೇ ಜಾಸ್ತಿ ತೋರಿಸುತ್ತದೆ. ಡಾಕ್ಟರ್ ಹೇಳಿದಷ್ಟು ಐರನ್, ಸಕ್ಕರೆ ಹಾಕದ ನಿಂಬೆ ನೀರಿನ ಜೊತೆ. ಹಾಲು, ಕಾಫಿ ಹತ್ತಿರ ಸುಳಿಯಬಾರದು. ಮೂರು ತಿಂಗಳಾದ ಮೇಲೆ ಗಂಟೆಗೆ ಇಪ್ಪತ್ತರ ಮೇಲಿದ್ದ ಒದೆತ ನಾಲ್ಕೈದಕ್ಕೆ ಇಳಿಯಿತು. ಬಿಸ್ಕೆಟ್ ನಿಂತಿತು. ಬೆಳಗಿನ ಶುಗರ್ 150ರ ಆಸುಪಾಸಿಗೆ ಬಂತು.

ಇದರ ಜೊತೆಗೇ ಇನ್ನೊಂದು ಸಿಕ್ಕಿತು. ಕಬ್ಬಿಣ ಕಡಿಮೆ ಇದ್ದಾಗ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಇರುವುದಕ್ಕಿಂತ ಜಾಸ್ತಿ ಬರಬಹುದು. ಸೆನ್ಸರ್ ಲೆಕ್ಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ನಾನೀಗ ಮೊದಲು ಕೇಳುವುದೇ ರಾತ್ರಿಯ ಕಾಲಿನ ವಿಚಾರ. ನೆಗಡಿಗೆ ಕೊಡುವ, ನಿದ್ದೆ ಬರಿಸುವ ಸಿರಪ್ಪಿನ ಬಗ್ಗೆಯೂ ಕೇಳಿ. ಅದರಿಂದ ಒದೆತ ಹೆಚ್ಚಾಗಬಹುದು.

ಒಬ್ಬಳು ಹುಡುಗಿಗೆ ಮಾತ್ರ ಎಷ್ಟು ಐರನ್ ಕೊಟ್ಟರೂ ಫೆರಿಟಿನ್ ಮೇಲೇಳಲಿಲ್ಲ. ಸೀಲಿಯಾಕ್ ಟೆಸ್ಟ್ ಮಾಡಿಸಿದರು, ಪಾಸಿಟಿವ್. ಅಂದರೆ ಗೋಧಿಯಲ್ಲಿರುವ ಗ್ಲುಟನ್ ಕರುಳಿಗೆ ಆಗದ ಕಾಯಿಲೆ, ಅದಿದ್ದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಚಪಾತಿ ಬಿಟ್ಟು ಮುದ್ದೆಗೆ ಬಂದ ಮೇಲೆ ಈಗ ಅವಳದ್ದೂ ಏರುತ್ತಿದೆ.